ಡಿಫ್ರಾಕ್ಷನ್: ಅಲೆಗೆ ಅಂಚು ತಗುಲಿದಾಗ ಏನಾಗುತ್ತದೆ?

ಪ್ರಶ್ನೆ: ಡಿಎನ್‌ಎ ಆಕಾರ ಗೊತ್ತಾಗಿದ್ದು 'ಎಕ್ಸ್‌ರೇ ಡಿಫ್ರಾಕ್ಷನ್' ಚಿತ್ರದಿಂದ ಅಂತ ಓದಿದೆ. ನಿಘಂಟು ತೆರೆದರೆ 'ವಿವರ್ತನೆ. ಬೆಳಕು ಅಂಚಿನಲ್ಲಿ ಬಾಗುವುದು' ಎಂದಿದೆ. ಶಾಲೆಯಲ್ಲಿ ವಕ್ರೀಭವನ ಅಂದರೂ ಬೆಳಕು ಬಾಗುವುದು ಅಂತಲೇ ಕಲಿತಿದ್ದೆ. ಎರಡಕ್ಕೂ ಏನು ವ್ಯತ್ಯಾಸ? ಬೆಳಕು ಬಾಗಿದರೆ ಅಣುವಿನ ಆಕಾರ ಹೇಗೆ ತಿಳಿಯುತ್ತದೆ? ನನ್ನ ಮಗನಿಗೆ ಫೋಟೋಗ್ರಫಿ ಹುಚ್ಚು. ಅವನ ಪ್ರಕಾರ ಡಿಫ್ರಾಕ್ಷನ್ ಅಂದರೆ ಚಿತ್ರ ಹಾಳು ಮಾಡುವ ದೋಷ. ಒಂದೇ ಪದಕ್ಕೆ ಇಷ್ಟೊಂದು ಅರ್ಥವಾ? ಇದನ್ನು ಮನೆಯಲ್ಲೇ ನೋಡಬಹುದಾ?

ಉತ್ತರ: ನಿಮ್ಮ ಮಗ ಹೇಳಿದ್ದೂ ಸರಿ, ನೀವು ಓದಿದ್ದೂ ಸರಿ. ಎಡವಟ್ಟು ಇರುವುದು ನಿಘಂಟಿನ 'ಬಾಗುವುದು' ಎಂಬ ಮಾತಿನಲ್ಲಿ. ಅದನ್ನು ಓದಿದ ಕೂಡಲೇ ಬೆಳಕು ಅಂಚನ್ನು ಸವರಿಕೊಂಡು ಪಕ್ಕಕ್ಕೆ ತಿರುಗಿದ ಹಾಗೆ, ಅಂಚೇ ಅದನ್ನು ಎಳೆದುಕೊಂಡ ಹಾಗೆ ಒಂದು ಚಿತ್ರ ಮನಸ್ಸಿಗೆ ಬರುತ್ತದೆ. ಅಂಚು ಏನನ್ನೂ ಎಳೆಯುವುದಿಲ್ಲ. ಸದ್ಯಕ್ಕೆ 'ಹರಡುವುದು' ಎಂದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ವಕ್ರೀಭವನಕ್ಕೆ ಎರಡು ಬೇರೆ ಬೇರೆ ವಸ್ತು ಬೇಕು. ಬೆಳಕು ಗಾಳಿಯಿಂದ ನೀರಿಗೋ ಗಾಜಿಗೋ ಹೋದಾಗ ಅದರ ವೇಗ ಕಡಿಮೆಯಾಗುತ್ತದೆ, ಅದರಿಂದ ದಿಕ್ಕು ಬದಲಾಗುತ್ತದೆ. ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದು ಹಾಗೆ. ಡಿಫ್ರಾಕ್ಷನ್‌ಗೆ ವಸ್ತು ಬದಲಾಗಬೇಕಿಲ್ಲ. ಬರೀ ಗಾಳಿಯಲ್ಲಿ ಆಗುತ್ತದೆ, ಏನೂ ಇಲ್ಲದ ನಿರ್ವಾತದಲ್ಲೂ ಆಗುತ್ತದೆ. ಅಲೆಯ ಒಂದು ಭಾಗಕ್ಕೆ ಏನಾದರೂ ಅಡ್ಡ ಬಂದರೆ ಸಾಕು.

ಅಡ್ಡ ಬಂದರೆ ಅಲೆ ಯಾಕೆ ಹರಡಬೇಕು? ಇದನ್ನು ಅರ್ಥ ಮಾಡಿಕೊಳ್ಳಲು ಡಚ್ ವಿಜ್ಞಾನಿ ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ವಿಚಾರ ಈಗಲೂ ಒಳ್ಳೆಯ ದಾರಿ. ಮುಂದೆ ಸಾಗುವ ಅಲೆಯ ಮುಖದ ಮೇಲಿರುವ ಪ್ರತಿಯೊಂದು ಬಿಂದುವೂ ತಾನೇ ಒಂದು ಪುಟ್ಟ ಅಲೆಯ ಮೂಲ ಎಂದುಕೊಳ್ಳಿ. ಆ ಪುಟ್ಟ ಅಲೆಗಳು ಎಲ್ಲ ಕಡೆಗೂ ಹರಡುತ್ತವೆ. ಹಾಗಿದ್ದರೆ ಟಾರ್ಚಿನ ಬೆಳಕು ನೇರವಾಗಿ ಹೋಗುವುದು ಹೇಗೆ? ಪಕ್ಕಕ್ಕೆ ಹೊರಟ ಅಲೆಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಬಂದ ಅಲೆಗಳು ಅಳಿಸಿಹಾಕುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಇಲ್ಲವಾಗುತ್ತವೆ. ನೇರ ಮುಂದಕ್ಕೆ ಹೋಗುವವು ಮಾತ್ರ ಒಂದಕ್ಕೊಂದು ಕೂಡಿಕೊಂಡು ಉಳಿಯುತ್ತವೆ.

ಈಗ ಆ ಅಲೆಗೆ ಒಂದು ತಗಡು ಅಡ್ಡ ಹಿಡಿಯಿರಿ, ಅದರಲ್ಲಿ ಕಿರಿದಾದ ಸೀಳು ಇರಲಿ. ಸೀಳಿನಲ್ಲಿ ನುಗ್ಗಿದ ಭಾಗಕ್ಕೆ ಅಕ್ಕಪಕ್ಕದವರು ಯಾರೂ ಇಲ್ಲ. ಪಕ್ಕಕ್ಕೆ ಹೋಗುವ ಅಲೆಯನ್ನು ಅಳಿಸುತ್ತಿದ್ದವರು ತಗಡಿನ ಹಿಂದೆ ಉಳಿದುಬಿಟ್ಟರು. ಹಾಗಾಗಿ ಆ ಅಲೆ ಬದುಕಿಕೊಳ್ಳುತ್ತದೆ. ಅಂಚು ಹೊಸದಾಗಿ ಏನನ್ನೂ ಕೊಡಲಿಲ್ಲ, ಇದ್ದ ಕೆಲವರನ್ನು ತೆಗೆದುಹಾಕಿತು ಅಷ್ಟೇ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಇದರಿಂದ ಒಂದು ವಿಚಿತ್ರ ಲೆಕ್ಕ ಹುಟ್ಟುತ್ತದೆ. ಸೀಳು ಕಿರಿದಾದಷ್ಟೂ ಬೆಳಕು ಜಾಸ್ತಿ ಅಗಲಕ್ಕೆ ಹರಡುತ್ತದೆ. ಕಿಂಡಿ ಚಿಕ್ಕದು ಮಾಡಿದರೆ ಬೆಳಕಿನ ಚುಕ್ಕೆಯೂ ಚಿಕ್ಕದಾಗಬೇಕಲ್ವಾ? ಸ್ವಲ್ಪ ದೂರ ಹಾಗೇ ಆಗುತ್ತದೆ. ಆಮೇಲೆ ಉಲ್ಟಾ ಹೊಡೆಯುತ್ತದೆ. ಹರಡುವಿಕೆಯ ಕೋನ ಹೆಚ್ಚುಕಡಿಮೆ ಅಲೆಯುದ್ದವನ್ನು ಸೀಳಿನ ಅಗಲದಿಂದ ಭಾಗಿಸಿದಷ್ಟು. ಅಲೆಯುದ್ದ ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರ, ಶಾಲೆಯಲ್ಲಿ ತರಂಗಾಂತರ ಅಂತ ಓದಿರುತ್ತೀರಿ. ಈ ಉಲ್ಟಾ ಲೆಕ್ಕವನ್ನು ನೆನಪಿನಲ್ಲಿಡಿ. ಚಿಕ್ಕದು ದೊಡ್ಡದಾಗಿ ಹರಡುತ್ತದೆ, ದೊಡ್ಡದು ಕಡಿಮೆ ಹರಡುತ್ತದೆ. ಮುಂದೆ ಡಿಎನ್‌ಎವರೆಗೂ ನಮ್ಮನ್ನು ಕರೆದುಕೊಂಡು ಹೋಗುವುದು ಇದೇ.

ನೀವು ಕೇಳಿದ ವ್ಯತ್ಯಾಸಕ್ಕೆ ಒಂದು ಸುಲಭ ಗುರುತೂ ಇದರಲ್ಲಿದೆ. ಕೆಂಪು ಬೆಳಕಿನ ಅಲೆಯುದ್ದ ಸುಮಾರು 700 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು), ನೇರಳೆಯದು ಸುಮಾರು 400. ಹಾಗಾಗಿ ಡಿಫ್ರಾಕ್ಷನ್‌ನಲ್ಲಿ ಕೆಂಪು ಜಾಸ್ತಿ ಹರಡುತ್ತದೆ. ಗಾಜಿನ ಪಟ್ಟಕದಲ್ಲಿ ಆಗುವ ವಕ್ರೀಭವನದಲ್ಲಿ ಇದಕ್ಕೆ ತದ್ವಿರುದ್ಧ: ನೇರಳೆ ಜಾಸ್ತಿ ಬಾಗುತ್ತದೆ, ಕೆಂಪು ಕಡಿಮೆ. ಬಣ್ಣಗಳ ಕ್ರಮ ನೋಡಿದರೆ ಯಾವುದು ಯಾವುದರ ಕೆಲಸ ಅಂತ ಎಷ್ಟೋ ಸಲ ಹೇಳಬಹುದು. ಚಂದ್ರನಿಗೆ ತೆಳು ಮೋಡ ಅಡ್ಡ ಬಂದಾಗ ಹತ್ತಿರದಲ್ಲೇ ಪುಟ್ಟ ಬಣ್ಣದ ಉಂಗುರ ಮೂಡುತ್ತದೆ. ಅದರ ಹೊರ ಅಂಚು ಕೆಂಪಗಿರುತ್ತದೆ. ಅದು ಮೋಡದ ನೀರಹನಿಗಳಿಂದ ಆದ ಡಿಫ್ರಾಕ್ಷನ್. ಇನ್ನು ಕೆಲವು ರಾತ್ರಿ ಚಂದ್ರನಿಂದ ದೂರದಲ್ಲಿ, ಸುಮಾರು 22 ಡಿಗ್ರಿ ಆಚೆ, ದೊಡ್ಡ ಉಂಗುರ ಕಾಣುತ್ತದೆ. ಅದರ ಒಳ ಅಂಚು ಕೆಂಪಗೆ. ಅದು ಎತ್ತರದ ಮೋಡದ ಹಿಮದ ಹರಳುಗಳಲ್ಲಿ ಆದ ವಕ್ರೀಭವನ. ಪುಟ್ಟ ಉಂಗುರದಲ್ಲಿ ಹನಿ ಚಿಕ್ಕದಾದಷ್ಟೂ ಉಂಗುರ ದೊಡ್ಡದು. ಮತ್ತೆ ಅದೇ ಉಲ್ಟಾ ಲೆಕ್ಕ.

ಪದದ ಹುಟ್ಟಿನ ಬಗ್ಗೆ ಒಂದೆರಡು ಮಾತು. ಇಟಲಿಯ ಬೊಲೋನ್ಯದಲ್ಲಿದ್ದ ಗ್ರಿಮಾಲ್ಡಿ ಎಂಬ ಪಾದ್ರಿ ಕತ್ತಲೆ ಕೋಣೆಗೆ ಸಣ್ಣ ತೂತಿನಿಂದ ಬಿಸಿಲು ಬಿಟ್ಟು, ಅದಕ್ಕೆ ತೆಳುವಾದ ವಸ್ತುಗಳನ್ನು ಅಡ್ಡ ಹಿಡಿದು ನೆರಳನ್ನು ನೋಡಿದ. ನೆರಳು ಲೆಕ್ಕಕ್ಕಿಂತ ಅಗಲವಾಗಿತ್ತು, ಅಂಚಿನಲ್ಲಿ ಬಣ್ಣದ ಗೆರೆಗಳಿದ್ದವು. ಬೆಳಕು ಚೂರು ಚೂರಾಗಿ ಒಡೆದಂತೆ ಕಂಡಿತು. 'ಒಡೆದು ಚದುರಿಸು' ಎಂಬ ಅರ್ಥದ ಲ್ಯಾಟಿನ್ ಪದದಿಂದ ಆತ ಈ ಹೆಸರು ಕಟ್ಟಿದ. ಅವನ ಪುಸ್ತಕ ಹೊರಬಂದದ್ದು 1665ರಲ್ಲಿ, ಅವನು ತೀರಿಕೊಂಡ ಎರಡು ವರ್ಷದ ಮೇಲೆ. ಕನ್ನಡದ 'ವಿವರ್ತನೆ' ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ ಪದ. ವೇದಾಂತದ 'ವಿವರ್ತ'ಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಅಲ್ಲಿ ಹಗ್ಗ ಹಾವಾಗಿ ತೋರುವ ಮಾತು, ಇಲ್ಲಿ ತೋರುವುದೆಲ್ಲ ನಿಜವಾಗಿಯೂ ಅಲ್ಲಿರುತ್ತದೆ. ಮಾತಿನಲ್ಲಿ ಡಿಫ್ರಾಕ್ಷನ್ ಎಂದರೆ ಎಲ್ಲರಿಗೂ ಅರ್ಥವಾಗುವುದರಿಂದ ನಾನೂ ಹಾಗೇ ಬರೆಯುತ್ತಿದ್ದೇನೆ.

ಗ್ರಿಮಾಲ್ಡಿ ನೋಡಿದ್ದನ್ನು ಜನ ನಂಬಿದರೂ ಅದರ ಕಾರಣಕ್ಕೆ ನೂರೈವತ್ತು ವರ್ಷ ಜಗಳ ನಡೆಯಿತು. ಬೆಳಕು ಕಣಗಳ ಸುರಿಮಳೆ ಎನ್ನುವವರ ಕೈ ಮೇಲಿತ್ತು, ನ್ಯೂಟನ್ ಆ ಕಡೆ ಇದ್ದನಲ್ಲ. ಫ್ರೆಂಚ್ ಅಕಾಡೆಮಿ ಡಿಫ್ರಾಕ್ಷನ್ ವಿವರಿಸಿದವರಿಗೆ ಬಹುಮಾನ ಸಾರಿದಾಗ, 1818ರಲ್ಲಿ ಫ್ರೆನೆಲ್ ಎಂಬ ಯುವ ಎಂಜಿನಿಯರ್ ಅಲೆಯ ಲೆಕ್ಕ ಬರೆದು ಕಳಿಸಿದ. ತೀರ್ಪುಗಾರರಲ್ಲಿ ಒಬ್ಬನಾದ ಗಣಿತಜ್ಞ ಪಾಯ್ಸನ್‌ಗೆ ಅಲೆಯ ಮಾತು ಹಿಡಿಸಲಿಲ್ಲ. ಆತ ಫ್ರೆನೆಲ್‌ನ ಲೆಕ್ಕವನ್ನೇ ಮುಂದುವರಿಸಿದ. ಒಂದು ದುಂಡು ಬಿಲ್ಲೆಯನ್ನು ಬೆಳಕಿಗೆ ಅಡ್ಡ ಇಟ್ಟರೆ, ಅದರ ಅಂಚಿನ ಎಲ್ಲ ಬಿಂದುಗಳಿಂದಲೂ ನೆರಳಿನ ನಟ್ಟನಡುವಿಗೆ ಒಂದೇ ದೂರ. ಹಾಗಾದರೆ ಅಲ್ಲಿಗೆ ಬಂದ ಅಲೆಗಳೆಲ್ಲ ಹೆಜ್ಜೆಗೆ ಹೆಜ್ಜೆ ಕೂಡಿ, ಕಪ್ಪು ನೆರಳಿನ ಮಧ್ಯದಲ್ಲಿ ಬೆಳಕಿನ ಚುಕ್ಕೆ ಮೂಡಬೇಕು! ಇಂಥ ಅಸಂಬದ್ಧ ಫಲ ಕೊಡುವ ಸಿದ್ಧಾಂತ ತಪ್ಪೇ ಇರಬೇಕು ಅನ್ನುವುದು ಆತನ ವಾದ. ಇನ್ನೊಬ್ಬ ತೀರ್ಪುಗಾರ ಅರಾಗೊ ವಾದಕ್ಕೆ ಕೂರಲಿಲ್ಲ. ಎರಡು ಮಿಲಿಮೀಟರ್ ಬಿಲ್ಲೆಯೊಂದನ್ನು ಮೇಣದಿಂದ ಗಾಜಿಗೆ ಅಂಟಿಸಿ ನೋಡಿಯೇಬಿಟ್ಟ. ಚುಕ್ಕೆ ಇತ್ತು. ಬಹುಮಾನ ಫ್ರೆನೆಲ್‌ಗೆ ಹೋಯಿತು. ತಮಾಷೆಯೆಂದರೆ ಆ ಚುಕ್ಕೆಗೆ ಇವತ್ತಿಗೂ 'ಪಾಯ್ಸನ್ ಚುಕ್ಕೆ' ಎಂದೇ ಹೆಸರು. ಯಾವುದನ್ನು ಆಗಲು ಸಾಧ್ಯವೇ ಇಲ್ಲ ಎಂದನೋ ಅದರ ಜೊತೆಗೇ ಅವನ ಹೆಸರು ಅಂಟಿಕೊಂಡಿದೆ.

ಇಷ್ಟು ಹೇಳಿದ ಮೇಲೆ ನಿಮ್ಮ 'ಒಂದೇ ಪದಕ್ಕೆ ಇಷ್ಟೊಂದು ಅರ್ಥವಾ' ಎಂಬ ಪ್ರಶ್ನೆಗೆ ಬರುತ್ತೇನೆ. ಅರ್ಥ ಒಂದೇ. ಅಲೆ ಯಾವುದು, ಅಡ್ಡ ಬಂದದ್ದು ಯಾವುದು, ನೋಡುವವರಿಗೆ ಏನು ಬೇಕು ಎಂಬುದು ಮಾತ್ರ ಬದಲಾಗುತ್ತದೆ.

ಶಬ್ದವನ್ನು ತೆಗೆದುಕೊಳ್ಳಿ. ಬಾಗಿಲ ಮರೆಯಲ್ಲಿ ನಿಂತವರ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಗೋಡೆಗಳಿಂದ ಬರುವ ಪ್ರತಿಧ್ವನಿಯ ಪಾಲೂ ಇದರಲ್ಲಿದೆ, ನಿಜ. ಆದರೆ ಶಬ್ದದ ಅಲೆಯುದ್ದವೇ ಬಾಗಿಲಿನ ಅಳತೆಯದ್ದು. ಸೆಕೆಂಡಿಗೆ 340 ಸಲ ಕಂಪಿಸುವ ಸ್ವರದ ಅಲೆಯುದ್ದ ಸುಮಾರು ಒಂದು ಮೀಟರ್. ಅದು ಬಾಗಿಲು ದಾಟಿದ ಕೂಡಲೇ ಎಲ್ಲ ಕಡೆ ಹರಡುತ್ತದೆ. ಬೆಳಕಿಗೆ ಅದೇ ಬಾಗಿಲು ಅಲೆಯುದ್ದದ ಲಕ್ಷಾಂತರ ಪಟ್ಟು ಅಗಲ. ಹೆದ್ದಾರಿ ಪಕ್ಕದ ಶಬ್ದತಡೆ ಗೋಡೆಗಳು ಟೈರಿನ ಕೀರಲು ದನಿಯನ್ನು ಚೆನ್ನಾಗಿ ತಡೆಯುತ್ತವೆ, ಎಂಜಿನ್ನಿನ ಗುಡುಗು ಮಾತ್ರ ಗೋಡೆ ಹತ್ತಿ ಇಳಿದು ಬರುತ್ತದೆ. ದಪ್ಪ ದನಿಗೆ ಉದ್ದ ಅಲೆ, ಉದ್ದ ಅಲೆಗೆ ಜಾಸ್ತಿ ಹರಡುವಿಕೆ. ರೇಡಿಯೋದಲ್ಲೂ ಹಾಗೇ. ಮೀಡಿಯಂ ವೇವ್ ಅಲೆಗಳು ನೂರಾರು ಮೀಟರ್ ಉದ್ದ, ಗುಡ್ಡದ ಹಿಂದಿನ ಕಣಿವೆಗೂ ಇಳಿಯುತ್ತವೆ. ಎಫ್‌ಎಂ ಅಲೆ ಸುಮಾರು ಮೂರು ಮೀಟರ್, ಅದಕ್ಕೆ ಗುಡ್ಡದ ನೆರಳು ಬೇಗ ತಟ್ಟುತ್ತದೆ. ಬಂದರು ಕಟ್ಟುವವರಿಗೆ ಡಿಫ್ರಾಕ್ಷನ್ ಅಂದರೆ ತಡೆಗೋಡೆಯ ಸಂದಿಯಿಂದ ನುಗ್ಗಿದ ಸಮುದ್ರದ ಅಲೆ ಒಳಗೆ ಎಷ್ಟು ಹರಡಿ ಹಡಗುಗಳನ್ನು ಅಲುಗಾಡಿಸುತ್ತದೆ ಎಂಬ ಲೆಕ್ಕ. ಇವೆಲ್ಲ ನೇರ ವಿಷಯ.

ನಿಮ್ಮ ಮಗನ ದೂರು ಸ್ವಲ್ಪ ಆಳದ್ದು. ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರವೂ ಅಲೆಗೆ ಒಂದು ಅಂಚೇ ತಾನೇ? ಹಾಗಾಗಿ ಯಾವ ಲೆನ್ಸೂ, ಎಷ್ಟೇ ನುಣುಪಾಗಿ ಉಜ್ಜಿದ್ದರೂ, ನಕ್ಷತ್ರದಂಥ ಬಿಂದುವನ್ನು ಬಿಂದುವಾಗಿ ಮೂಡಿಸಲಾರದು. ಒಂದು ಪುಟ್ಟ ಬೆಳಕಿನ ಬಿಲ್ಲೆ, ಸುತ್ತ ಮಸುಕು ಉಂಗುರಗಳು, ಇಷ್ಟೇ ಸಿಗುವುದು. ಇದರ ಲೆಕ್ಕವನ್ನು ಜಾರ್ಜ್ ಏರಿ 1835ರಲ್ಲೇ ಬರೆದಿಟ್ಟ. ರಂಧ್ರ ಚಿಕ್ಕದಾದಷ್ಟೂ ಬಿಲ್ಲೆ ದೊಡ್ಡದು. ಕ್ಯಾಮೆರಾದಲ್ಲಿ ಎಫ್ ಸಂಖ್ಯೆ ಜಾಸ್ತಿಯಾದಷ್ಟೂ ರಂಧ್ರ ಚಿಕ್ಕದು. ಎಫ್ 5.6ರಲ್ಲಿ ಇಟ್ಟರೆ ಬಿಲ್ಲೆಯ ಅಗಲ ಸುಮಾರು 7-8 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಎಫ್ 22ಕ್ಕೆ ಇಳಿಸಿದರೆ ಸುಮಾರು 30 ಮೈಕ್ರಾನ್. ಸೆನ್ಸರಿನ ಒಂದು ಪಿಕ್ಸೆಲ್ ಸಾಮಾನ್ಯವಾಗಿ ನಾಲ್ಕಾರು ಮೈಕ್ರಾನ್ ಇರುವಾಗ ಆ ಬಿಲ್ಲೆ ಎಷ್ಟೋ ಪಿಕ್ಸೆಲ್‌ಗಳ ಮೇಲೆ ಕೂರುತ್ತದೆ, ಚಿತ್ರ ಮೆತ್ತಗಾಗುತ್ತದೆ. ದೂರದ್ದೂ ಹತ್ತಿರದ್ದೂ ಫೋಕಸ್ ಆಗಲಿ ಅಂತ ರಂಧ್ರ ಕಿರಿದು ಮಾಡಿದವನಿಗೆ ಸಿಗುವ ಶಿಕ್ಷೆ ಇದು. ದುಬಾರಿ ಲೆನ್ಸ್ ಕೊಂಡರೂ ತಪ್ಪುವುದಿಲ್ಲ, ಮಗನಿಗೆ ಹೇಳಿ.

ರಾತ್ರಿಯ ಚಿತ್ರಗಳಲ್ಲಿ ದೀಪದ ಸುತ್ತ ಮೂಡುವ ಮುಳ್ಳುಗಳೂ ಇದರದ್ದೇ ಕೆಲಸ. ರಂಧ್ರದ ಪ್ರತಿ ನೇರ ಅಂಚೂ ತನಗೆ ಅಡ್ಡಲಾಗಿ, ಎರಡೂ ಕಡೆಗೆ, ಬೆಳಕನ್ನು ಚಾಚುತ್ತದೆ. ರಂಧ್ರವನ್ನು ಕಿರಿದು ಮಾಡುವ ತೆಳು ಹಾಳೆಗಳಿಗೆ ಎಲೆ ಎನ್ನೋಣ. ಆರು ಎಲೆಗಳ ರಂಧ್ರದಲ್ಲಿ ಎದುರುಬದುರು ಅಂಚುಗಳ ಮುಳ್ಳುಗಳು ಒಂದರ ಮೇಲೊಂದು ಬಿದ್ದು ಆರು ಕಾಣುತ್ತವೆ. ಏಳು ಎಲೆಗಳಿದ್ದರೆ ಹಾಗೆ ಕೂಡುವುದಿಲ್ಲ, ಹದಿನಾಲ್ಕು ಕಾಣುತ್ತವೆ. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಪ್ರಕಾಶಮಾನ ನಕ್ಷತ್ರಗಳಿಗೆ ಆರು ದೊಡ್ಡ, ಎರಡು ಚಿಕ್ಕ ಮುಳ್ಳುಗಳಿರುತ್ತವೆ. ಅದರ ಕನ್ನಡಿ 18 ಷಟ್ಕೋನ ತುಂಡುಗಳದ್ದು, ಜೊತೆಗೆ ಮುಂದಿನ ಪುಟ್ಟ ಕನ್ನಡಿಯನ್ನು ಹಿಡಿದ ಕಂಬಿಗಳಿವೆ. ಹಬಲ್ ಚಿತ್ರಗಳಲ್ಲಿ ನಾಲ್ಕೇ ಮುಳ್ಳು. ಮುಳ್ಳು ಎಣಿಸಿ ಯಾವ ದೂರದರ್ಶಕ ಅಂತ ಹೇಳಿಬಿಡಬಹುದು. ಈ ಮಾತನ್ನು ನೆನಪಿಡಿ: ನಕ್ಷತ್ರದ ಮುಳ್ಳು ನಕ್ಷತ್ರದ ಬಗ್ಗೆ ಏನೂ ಹೇಳುವುದಿಲ್ಲ, ಅಡ್ಡ ಬಂದ ವಸ್ತುವಿನ ಆಕಾರ ಹೇಳುತ್ತದೆ.

ಸೂಕ್ಷ್ಮದರ್ಶಕದ ಮಿತಿಯೂ ಇಲ್ಲಿಂದಲೇ. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಒಂದು ಕಟು ಸತ್ಯ ಹೇಳಿದ. ಕಣ್ಣಿಗೆ ಕಾಣುವ ಬೆಳಕಿನಿಂದ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಲಾಗದು. ಅನೇಕ ವೈರಸ್‌ಗಳು 100 ನ್ಯಾನೋಮೀಟರ್ ಆಸುಪಾಸಿನವು, ಹಾಗಾಗಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಕ್ಕುವುದಿಲ್ಲ. ಅಬ್ಬೆಯ ಕಾರಣ ಸೊಗಸಾಗಿದೆ. ನೋಡುವ ವಸ್ತುವಿನ ಪ್ರತಿಯೊಂದು ವಿವರವೂ ಬೆಳಕನ್ನು ಹರಡುತ್ತದೆ. ಲೆನ್ಸ್ ಹಾಗೆ ಹರಡಿದ ಅಲೆಗಳನ್ನು ಬಾಚಿ ತಂದು ಮತ್ತೆ ಕೂಡಿಸುತ್ತದೆ, ಅದೇ ಚಿತ್ರ. ಸೂಕ್ಷ್ಮ ವಿವರ ಅಗಲ ಕೋನಕ್ಕೆ ಹರಡುತ್ತದೆ. ಲೆನ್ಸಿನ ಬಾಯಿಗೆ ಸಿಗದಷ್ಟು ಅಗಲ ಹೋದರೆ ಆ ವಿವರ ಚಿತ್ರಕ್ಕೆ ಬರುವುದೇ ಇಲ್ಲ. ಅಂದರೆ ಡಿಫ್ರಾಕ್ಷನ್ ಚಿತ್ರವನ್ನು ಹಾಳು ಮಾಡುತ್ತದೆ ಅನ್ನುವುದು ಅರ್ಧ ಮಾತು. ವಸ್ತುವಿನ ಸುದ್ದಿಯನ್ನು ಹೊತ್ತು ತರುವುದೂ ಅದೇ. ಆ ಸುದ್ದಿಯಲ್ಲಿ ಒಂದಷ್ಟು ನಮ್ಮ ಕೈಗೆ ಸಿಗದೆ ಹೋಗುವುದೇ ಮಸುಕು.

ಹಾಗಿದ್ದರೆ ಲೆನ್ಸೇ ಇಲ್ಲದೆ, ಹರಡಿದ ಅಲೆಗಳನ್ನು ನೇರವಾಗಿ ಹಿಡಿದು, ಅವುಗಳಿಂದ ವಸ್ತುವನ್ನು ಊಹಿಸಬಹುದಲ್ವಾ? ಡಿಎನ್‌ಎ ಕಥೆ ಇಲ್ಲಿಂದ ಶುರು.

ಮೊದಲು ಸರಳವಾದ ಸಂಗತಿ. ಒಂದೇ ಅಂತರದಲ್ಲಿ ಸಾಲಾಗಿ ಗೆರೆಗಳಿದ್ದರೆ, ಪ್ರತಿ ಗೆರೆಯಿಂದ ಹರಡಿದ ಬೆಳಕು ಕೆಲವೇ ಕೆಲವು ದಿಕ್ಕಿನಲ್ಲಿ ಹೆಜ್ಜೆ ಕೂಡಿಸುತ್ತದೆ. ಬೇರೆ ದಿಕ್ಕುಗಳಲ್ಲಿ ಅಳಿಸಿಹೋಗುತ್ತದೆ. ಗೆರೆಗಳು ಹತ್ತಿರವಾದಷ್ಟೂ ಆ ದಿಕ್ಕುಗಳು ದೂರ ದೂರ. ಇಂಥ ಸಾಲಿಗೆ ಗ್ರೇಟಿಂಗ್ ಎನ್ನುತ್ತಾರೆ. 1673ರಲ್ಲಿ ಸ್ಕಾಟ್‌ಲೆಂಡಿನ ಜೇಮ್ಸ್ ಗ್ರೆಗರಿ ಕಡಲ ಹಕ್ಕಿಯ ಗರಿಯೊಂದರ ಮೂಲಕ ಬಿಸಿಲು ಹಾಯಿಸಿ ಬಣ್ಣಗಳನ್ನು ನೋಡಿದ್ದ. 1785ರಲ್ಲಿ ಅಮೆರಿಕದ ರಿಟನ್‌ಹೌಸ್ ಎರಡು ಸಣ್ಣ ಸ್ಕ್ರೂಗಳ ಎಳೆಗಳ ಮೇಲೆ ಕೂದಲುಗಳನ್ನು ಸಾಲಾಗಿ ಬಿಗಿದು ಮನುಷ್ಯ ಮಾಡಿದ ಮೊದಲ ಗ್ರೇಟಿಂಗ್ ಕಟ್ಟಿದ. ಅವನಿಗೆ ಆ ಯೋಚನೆ ಬಂದದ್ದು, ಗೆಳೆಯನೊಬ್ಬ ರೇಷ್ಮೆ ಕರವಸ್ತ್ರದ ಮೂಲಕ ಬೀದಿದೀಪ ನೋಡಿ 'ಇದೇನಿದು ಗೆರೆಗಳು?' ಎಂದು ಕೇಳಿದ ಮೇಲೆ. ಇವತ್ತು ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅದರಲ್ಲಿ ಯಾವ ಧಾತು ಇದೆ ಎಂದು ಹೇಳುವ ಉಪಕರಣಗಳಲ್ಲಿ ಹೆಚ್ಚಿನವಕ್ಕೆ ಗ್ರೇಟಿಂಗೇ ಜೀವ. ಹಳೆಯ ಸಿಡಿಯ ಬೆನ್ನಿನ ಮೇಲೆ ಕಾಣುವ ಕಾಮನಬಿಲ್ಲೂ ಅದೇ. ಸಿಡಿಯ ಸುರುಳಿ ಗೆರೆಗಳ ಅಂತರ 1.6 ಮೈಕ್ರಾನ್, ಡಿವಿಡಿಯದು 0.74.

ಇದನ್ನು ತಿರುಗಿಸಿ ನೋಡಿ. ಗೆರೆಯ ಅಂತರ ಗೊತ್ತಿದ್ದರೆ ಬೆಳಕಿನ ಅಲೆಯುದ್ದ ಅಳೆಯಬಹುದು. ಅಲೆಯುದ್ದ ಗೊತ್ತಿದ್ದರೆ ಗೆರೆಯ ಅಂತರ ಅಳೆಯಬಹುದು. ಹರಳಿನಲ್ಲಿ ಪರಮಾಣುಗಳು ಸಾಲಾಗಿ ನಿಂತಿರುತ್ತವೆ ಎಂಬ ಊಹೆ 19ನೇ ಶತಮಾನದಲ್ಲೇ ಇತ್ತು. ಆದರೆ ಅವುಗಳ ನಡುವಿನ ಅಂತರ 0.2, 0.3 ನ್ಯಾನೋಮೀಟರ್. ಕಾಣುವ ಬೆಳಕಿನ ಅಲೆ ಅದಕ್ಕಿಂತ ಸಾವಿರ ಪಟ್ಟು ಉದ್ದ, ಆ ಸಾಲುಗಳು ಇರುವುದೇ ಅದಕ್ಕೆ ಗೊತ್ತಾಗುವುದಿಲ್ಲ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್‌ರೇ ಅಲೆಯೋ ಕಣವೋ ಎಂಬುದೇ ತೀರ್ಮಾನವಾಗಿರಲಿಲ್ಲ. 1912ರಲ್ಲಿ ಮ್ಯೂನಿಕ್‌ನಲ್ಲಿದ್ದ ಮ್ಯಾಕ್ಸ್ ವಾನ್ ಲಾವೆ ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡಿದ. ಎಕ್ಸ್‌ರೇ ಪುಟ್ಟ ಅಲೆಯಾಗಿದ್ದರೆ, ಹರಳು ಪರಮಾಣುಗಳ ಸಾಲಾಗಿದ್ದರೆ, ಹರಳೇ ಗ್ರೇಟಿಂಗ್ ಆಗಬೇಕು. ಅವನ ಜೊತೆಗಾರರಾದ ಫ್ರೆಡ್ರಿಕ್ ಮತ್ತು ಕ್ನಿಪ್ಪಿಂಗ್ ಮೈಲುತುತ್ತದ ಹರಳಿನ ಮೇಲೆ ಎಕ್ಸ್‌ರೇ ಬಿಟ್ಟು ಹಿಂದೆ ಫೋಟೋ ಫಲಕ ಇಟ್ಟರು. ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಒಂದೇ ಪ್ರಯೋಗ, ಎರಡು ಉತ್ತರ.

ಆ ಚುಕ್ಕೆಗಳನ್ನು ಓದುವ ವಿದ್ಯೆ ಕೊಟ್ಟವರು ಬ್ರ್ಯಾಗ್ ಅಪ್ಪ-ಮಗ. 1915ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂದಾಗ ಮಗ ಲಾರೆನ್ಸ್‌ಗೆ 25 ವರ್ಷ. ಅವರು ಮೊದಮೊದಲು ಬಿಡಿಸಿದ ಹರಳುಗಳಲ್ಲಿ ಉಪ್ಪೂ ಒಂದು. ಅದರೊಳಗೆ ಒಂದು ಸೋಡಿಯಂ ಒಂದು ಕ್ಲೋರಿನ್ ಸೇರಿದ ಜೋಡಿ ಜೋಡಿ ಅಣುಗಳು ಇರಲೇ ಇಲ್ಲ. ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು, ಮೂರು ದಿಕ್ಕಿಗೂ ನಿಂತಿದ್ದವು. ಕೆಲವು ರಸಾಯನಶಾಸ್ತ್ರಜ್ಞರಿಗೆ ಇದು ಬಹಳ ವರ್ಷ ಜೀರ್ಣವಾಗಲಿಲ್ಲ.

ಚುಕ್ಕೆ ಓದುವುದು ಹೀಗೆ. ಚುಕ್ಕೆಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದು ಸಾಲುಗಳ ಅಂತರ ಹೇಳುತ್ತದೆ. ಯಾವ ಚುಕ್ಕೆ ಎಷ್ಟು ಗಾಢ ಎಂಬುದು ಪ್ರತಿ ಸಾಲಿನಲ್ಲಿ ಏನು ನಿಂತಿದೆ ಎಂದು ಹೇಳುತ್ತದೆ. ಕಷ್ಟ ಒಂದಿದೆ. ಫಲಕ ಅಲೆಯ ಜೋರು ಮಾತ್ರ ದಾಖಲಿಸುತ್ತದೆ. ಅಲೆ ಬಂದಾಗ ಉಬ್ಬಿನಲ್ಲಿತ್ತೋ ತಗ್ಗಿನಲ್ಲಿತ್ತೋ ಎಂಬ ಅರ್ಧ ಸುದ್ದಿ ಅಲ್ಲೇ ಕಳೆದುಹೋಗುತ್ತದೆ. ಲೆನ್ಸ್ ಈ ಸುದ್ದಿಯನ್ನು ತಾನಾಗಿ ಉಳಿಸಿಕೊಳ್ಳುತ್ತದೆ, ಆದರೆ ಪರಮಾಣು ತೋರಿಸುವಷ್ಟು ಒಳ್ಳೆಯ ಎಕ್ಸ್‌ರೇ ಲೆನ್ಸ್ ಇಲ್ಲ. ಕಳೆದುಹೋದದ್ದನ್ನು ಲೆಕ್ಕದಿಂದ, ಉಪಾಯದಿಂದ ಮರಳಿ ಪಡೆಯಬೇಕು. ಮ್ಯಾಕ್ಸ್ ಪೆರುಟ್ಸ್ ರಕ್ತದ ಹಿಮೋಗ್ಲೋಬಿನ್ ಬಿಡಿಸಲು 1937ರಲ್ಲಿ ಕೂತವನು, ಆಕಾರ ಕಂಡದ್ದು 1959ರಲ್ಲಿ. ಡೊರೊಥಿ ಹಾಡ್ಜ್‌ಕಿನ್ ಪೆನಿಸಿಲಿನ್, ವಿಟಮಿನ್ ಬಿ12 ಬಿಡಿಸಿದಳು. ಇನ್ಸುಲಿನ್ ಹಿಂದೆ ಬಿದ್ದು 1969ರಲ್ಲಿ ಮುಗಿಸುವ ಹೊತ್ತಿಗೆ ಅವಳು ಅದನ್ನು ಕೈಗೆತ್ತಿಕೊಂಡು ಮೂವತ್ತು ವರ್ಷ ದಾಟಿತ್ತು.

ಈಗ ನಿಮ್ಮ ಡಿಎನ್‌ಎ. ಆ ಪ್ರಸಿದ್ಧ ಚಿತ್ರ, 51ನೇ ಫೋಟೋ, ತೆಗೆದದ್ದು 1952ರ ಮೇ ತಿಂಗಳಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ರೋಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವಳ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್. ಅದು ಹರಳಲ್ಲ, ಒದ್ದೆ ಡಿಎನ್‌ಎಯ ತೆಳು ನಾರು. ಚಿತ್ರದಲ್ಲಿ ಡಿಎನ್‌ಎಯ ಏಣಿಯೇನೂ ಕಾಣುವುದಿಲ್ಲ. ಕಾಣುವುದು ಕಪ್ಪು ಪಟ್ಟಿಗಳಿಂದಾದ ಒಂದು ಗುಣಾಕಾರ ಚಿಹ್ನೆ, ಮೇಲೆ ಕೆಳಗೆ ಎರಡು ಗಾಢ ಕಮಾನು. ಗುಣಾಕಾರ ಯಾಕೆ? ಸುರುಳಿಯನ್ನು ಪಕ್ಕದಿಂದ ನೋಡಿ. ಅದು ಅಂಕುಡೊಂಕು ಗೆರೆಯಂತೆ ಕಾಣುತ್ತದೆ: ಒಂದಷ್ಟು ಸಮಾನಾಂತರ ಗೆರೆ ಈ ಕಡೆ ವಾಲಿವೆ, ಒಂದಷ್ಟು ಆ ಕಡೆ. ದೂರದರ್ಶಕದ ಮುಳ್ಳಿನ ಮಾತು ನೆನಪಿದೆಯಲ್ಲ? ಪ್ರತಿ ಗುಂಪೂ ತನಗೆ ಅಡ್ಡಲಾಗಿ ಚುಕ್ಕೆಗಳ ಸಾಲು ಚಾಚುತ್ತದೆ. ಎರಡು ಸಾಲು ಕತ್ತರಿಸಿದರೆ ಗುಣಾಕಾರ. ಪಟ್ಟಿಗಳ ಅಂತರದಿಂದ ಒಂದು ಪೂರ್ತಿ ಸುತ್ತಿನ ಉದ್ದ 3.4 ನ್ಯಾನೋಮೀಟರ್ ಎಂದು ಸಿಗುತ್ತದೆ. ದೂರದ ಗಾಢ ಕಮಾನುಗಳಿಂದ ಮೆಟ್ಟಿಲಿಂದ ಮೆಟ್ಟಿಲಿಗೆ 0.34. ದೊಡ್ಡ ಅಂತರ ಹತ್ತಿರದ ಗುರುತಾಗಿ, ಚಿಕ್ಕ ಅಂತರ ದೂರದ ಗುರುತಾಗಿ ಮೂಡಿದೆ, ಗಮನಿಸಿ. ಭಾಗಿಸಿದರೆ ಸುತ್ತಿಗೆ ಹತ್ತು ಮೆಟ್ಟಿಲು. ನಡುವೆ ನಾಲ್ಕನೆಯ ಪಟ್ಟಿ ಕಾಣೆಯಾಗಿದೆ. ಎರಡು ಎಳೆಗಳು ಒಂದಕ್ಕೊಂದು ತುಸು ಸರಿದು ಸುತ್ತಿಕೊಂಡಿದ್ದರೆ ಆ ಪಟ್ಟಿ ಅಳಿಸಿಹೋಗುತ್ತದೆ. ಇಷ್ಟನ್ನೂ ರಾಸಾಯನಿಕ ಸುಳಿವುಗಳನ್ನೂ ಸೇರಿಸಿ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಮಾದರಿ ಕಟ್ಟಿದರು. ಚಿತ್ರವನ್ನು ವಾಟ್ಸನ್‌ಗೆ ತೋರಿಸಿದ್ದು ಫ್ರಾಂಕ್ಲಿನ್‌ಗೆ ಗೊತ್ತೇ ಇರಲಿಲ್ಲ. 1962ರಲ್ಲಿ ನೊಬೆಲ್ ಬಂದಾಗ ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಎಕ್ಸ್‌ರೇ ಡಿಫ್ರಾಕ್ಷನ್ ಈಗ ದಿನನಿತ್ಯದ ಕೆಲಸ. ಪುಡಿ ಮಾಡಿದ ಕಲ್ಲೋ ಸಿಮೆಂಟೋ ಔಷಧಿಯೋ ಯಂತ್ರದೊಳಗೆ ಇಟ್ಟರೆ, ಯಾವ ಯಾವ ಹರಳು ಇದೆ ಎಂದು ಗೆರೆಗಳ ನಕ್ಷೆ ಹೇಳುತ್ತದೆ. ಒಂದೇ ಔಷಧಿ ಎರಡು ರೀತಿ ಹರಳುಗಟ್ಟಬಹುದು, ಆಗ ಹೊಟ್ಟೆಯಲ್ಲಿ ಕರಗುವ ವೇಗವೇ ಬೇರೆ. 1998ರಲ್ಲಿ ಏಡ್ಸ್ ಔಷಧಿ ರಿಟೊನಾವಿರ್ ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂಪಡೆದದ್ದು ಇದೇ ಕಾರಣಕ್ಕೆ. ಸರಿಯಾಗಿ ಕರಗದ ಹೊಸ ಹರಳಿನ ರೂಪ ತಯಾರಿಕೆಯ ನಡುವೆ ತಲೆ ಹಾಕಿತ್ತು. 2012ರಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳನ ಮಣ್ಣನ್ನೂ ಹೀಗೇ ಪರೀಕ್ಷಿಸಿತು, ಇನ್ನೊಂದು ಗ್ರಹದಲ್ಲಿ ಅದೇ ಮೊದಲು.

ಅಲೆ ಎಕ್ಸ್‌ರೇಯೇ ಆಗಬೇಕಿಲ್ಲ. 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕಲ್ ಹರಳಿನ ಮೇಲೆ ಎಲೆಕ್ಟ್ರಾನ್‌ಗಳನ್ನು ಬಿಟ್ಟಾಗ ಅವೂ ಅಲೆಗಳಂತೆ ಹರಡಿದವು. ಅದೇ ವರ್ಷ ಜಿ.ಪಿ. ಥಾಮ್ಸನ್ ಬೇರೆ ದಾರಿಯಲ್ಲಿ ಅದನ್ನೇ ತೋರಿಸಿದ. ಎಲೆಕ್ಟ್ರಾನನ್ನು ಕಣವಾಗಿ ತೋರಿಸಿಕೊಟ್ಟ ಜೆ.ಜೆ. ಥಾಮ್ಸನ್‌ನ ಮಗ ಆತ. ಅಪ್ಪನಿಗೂ ನೊಬೆಲ್, ಮಗನಿಗೂ ನೊಬೆಲ್. 1982ರಲ್ಲಿ ಡಾನ್ ಶೆಕ್ಟ್‌ಮನ್ ಒಂದು ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹಕ್ಕೆ ಎಲೆಕ್ಟ್ರಾನ್ ಹಾಯಿಸಿದಾಗ ಹತ್ತು ಹತ್ತಾಗಿ ಸುತ್ತುವ ಚುಕ್ಕೆಗಳು ಕಂಡವು. ಹರಳಿನಲ್ಲಿ ಅಂಥ ಜೋಡಣೆ ಸಾಧ್ಯವೇ ಇಲ್ಲ ಎಂದು ಪುಸ್ತಕಗಳಲ್ಲಿತ್ತು. ಬೈಸಿಕೊಂಡ, ಬಿಡಲಿಲ್ಲ, 2011ರಲ್ಲಿ ನೊಬೆಲ್ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1992ರಲ್ಲಿ ಆದ ಬದಲಾವಣೆ. ಹರಳುಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ 'ಹರಳು' ಎಂಬುದರ ವ್ಯಾಖ್ಯೆಯನ್ನೇ ತಿದ್ದಿತು. ಪರಮಾಣುಗಳು ಹೇಗೆ ನಿಂತಿವೆ ಎಂಬುದನ್ನು ಬಿಟ್ಟು, ಯಾವ ಘನವಸ್ತು ಬಿಡಿಬಿಡಿಯಾದ ಡಿಫ್ರಾಕ್ಷನ್ ಚುಕ್ಕೆ ಕೊಡುತ್ತದೋ ಅದು ಹರಳು ಎಂದಿತು.

ಪಠ್ಯಗಳಲ್ಲಿ 'ವ್ಯತಿಕರಣ' ಎಂಬ ಇನ್ನೊಂದು ಪದ ಪಕ್ಕದಲ್ಲೇ ಬರುತ್ತದೆ, ಅದರಿಂದ ಹೆದರಬೇಡಿ. ಎರಡಕ್ಕೂ ಒಳಗಿನ ಭೌತಶಾಸ್ತ್ರ ಒಂದೇ. ಎರಡು-ಮೂರು ಮೂಲಗಳ ಅಲೆ ಕೂಡಿದರೆ ವ್ಯತಿಕರಣ, ಲೆಕ್ಕವಿಲ್ಲದಷ್ಟು ಕೂಡಿದರೆ ವಿವರ್ತನೆ, ಅದು ರೂಢಿಯ ಮಾತು ಅಂತ ಭೌತವಿಜ್ಞಾನಿ ಫೈನ್‌ಮನ್ ಕೂಡ ಪಾಠದಲ್ಲಿ ಹೇಳಿದ್ದಾನೆ. ಆದರೆ ಕಣ್ಣಿನ ಪರೀಕ್ಷೆಯ ಚೀಟಿಯಲ್ಲಿ 'ರಿಫ್ರಾಕ್ಷನ್' ಎಂದಿದ್ದರೆ ಅದು ವಕ್ರೀಭವನ. ಒಂದು ಅಕ್ಷರದ ವ್ಯತ್ಯಾಸಕ್ಕೆ ಮೋಸ ಹೋಗಬೇಡಿ.

ಮನೆಯಲ್ಲಿ ನೋಡುವುದು ಸುಲಭ. ರಾತ್ರಿ ದೂರದ ಒಂಟಿ ದೀಪವನ್ನು ತೆಳುವಾದ, ಒತ್ತಾಗಿ ನೇಯ್ದ ಬಟ್ಟೆಯ ಮೂಲಕ ನೋಡಿ. ದೀಪ ಒಂದೇ ಇದ್ದರೂ ಚೌಕ ಚೌಕವಾಗಿ ಹಲವು ಕಾಣುತ್ತವೆ. ಬಟ್ಟೆ ತಿರುಗಿಸಿದರೆ ಅವೂ ತಿರುಗುತ್ತವೆ. ಬಾಲ್‌ಪೆನ್ನಿನ ಸ್ಪ್ರಿಂಗ್ ತೆಗೆದು ಅದರ ಮೇಲೆ ಲೇಸರ್ ಪಾಯಿಂಟರ್ ಹಾಯಿಸಿ, ಕೆಲವು ಮೀಟರ್ ದೂರದ ಗೋಡೆ ನೋಡಿ. ಫ್ರಾಂಕ್ಲಿನ್ ಕಂಡ ಗುಣಾಕಾರ ನಿಮ್ಮ ಗೋಡೆಯ ಮೇಲೆ ಮೂಡುತ್ತದೆ. ಲೇಸರನ್ನು ಯಾರ ಕಣ್ಣಿಗೂ ಬಿಡಬೇಡಿ, ಕನ್ನಡಿಗೂ ಬೇಡ.

ಇನ್ನೊಂದು, ಇದು ನನ್ನ ಮೆಚ್ಚಿನದು. ಲೇಸರಿನ ಬಾಯಿಗೆ ಅಡ್ಡಲಾಗಿ ಒಂದು ತಲೆಗೂದಲು ಅಂಟಿಸಿ. ಎರಡು ಮೀಟರ್ ದೂರದ ಗೋಡೆಯ ಮೇಲೆ ಮಧ್ಯದ ಪ್ರಖರ ಚುಕ್ಕೆಯ ಎರಡೂ ಕಡೆ ಗೆರೆಗಳ ಸಾಲು ಕಾಣುತ್ತದೆ. ಕೂದಲಿಗೂ ಅಷ್ಟೇ ಅಗಲದ ಸೀಳಿಗೂ ಈ ಸಾಲು ಒಂದೇ ಥರ. ಒಂದೇ ಪಕ್ಕದಲ್ಲಿ ಒಂದು ಕತ್ತಲ ಗೆರೆಯಿಂದ ಮುಂದಿನ ಕತ್ತಲ ಗೆರೆಗೆ ದೂರ ಅಳೆಯಿರಿ. ಲೇಸರಿನ ಅಲೆಯುದ್ದವನ್ನು ಗೋಡೆಯ ದೂರದಿಂದ ಗುಣಿಸಿ, ಅಳೆದ ದೂರದಿಂದ ಭಾಗಿಸಿ. ಕೆಂಪು ಲೇಸರ್ 650 ನ್ಯಾನೋಮೀಟರಿನದ್ದಾಗಿ, ಗೆರೆಗಳ ನಡುವೆ 1.6 ಸೆಂಟಿಮೀಟರ್ ಸಿಕ್ಕರೆ ಕೂದಲ ದಪ್ಪ ಸುಮಾರು 0.08 ಮಿಲಿಮೀಟರ್. ಬರೀ ಸ್ಕೇಲು ಹಿಡಿದು ಕೂದಲಿನ ದಪ್ಪ ಅಳೆದಿರಿ ನೋಡಿ. ಆಮೇಲೆ ಮಗನ ಕೂದಲೂ ಒಂದು ಕೇಳಿ ಅಂಟಿಸಿ. ಯಾರದ್ದು ದಪ್ಪವೋ ಅವರ ಗೆರೆಗಳು ಒತ್ತೊತ್ತಾಗಿ ಬೀಳುತ್ತವೆ.